ನಾಲ್ವರ ಹಡಗು, ಇಬ್ಬರ ಹಡಗು

ಕೊಟ್ಟೂರಿನ ನಮ್ಮ ಪೇಟೆಯಲ್ಲಿ ಸಮುದ್ರದ ಹಡಗು ಹತ್ತಿ ಇಳಿದವನು ನಾನೊಬ್ಬನೇ. ಅದಕ್ಕೇ ಯಾರಿಗಾದರೂ ಕಂಪನಿಯವರು ಅಂಥ ಪ್ರವಾಸ ಕೊಟ್ಟರೆ ಅವರು ಮೊದಲು ನನ್ನ ಅಂಗಡಿಗೆ ಬರುತ್ತಾರೆ. ಸಿಮೆಂಟ್ ಅಂಗಡಿಯವರು ಬಂದಿದ್ದರು, ಬಣ್ಣದ ಅಂಗಡಿಯವರು ಬಂದಿದ್ದರು. "ಯಾವ ಹಡಗು ಚಲೋ ಹೇಳ್ರಿ. ಮಕ್ಕಳನ್ನ ಕರ್ಕೊಂಡು ಹೋಗೋದೋ, ಗಂಡ ಹೆಂಡ್ತಿ ಇಬ್ಬರೇ ಹೋಗೋದೋ?" ಎಂದು ಕೇಳುತ್ತಾರೆ. ಊಟದ ವಿಷಯ, ವಾಂತಿ ಗುಳಿಗೆಯ ವಿಷಯ, ಮುಂಬೈ ಬಂದರಿನಲ್ಲಿ ಸಾಲು ನಿಲ್ಲುವ ವಿಷಯ ಹೇಳಿ ಕಳಿಸುತ್ತೇನೆ. ನಾನು ನನ್ನ ಹಡಗನ್ನು ಹೇಗೆ ಆರಿಸಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಬಾಯಿ ಬಿಟ್ಟು ಹೇಳಲು ಆಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನದು ಹೊಲಿಗೆ ಮಷಿನ್ ಅಂಗಡಿ. ಮಾರುತ್ತೇನೆ, ರಿಪೇರಿ ಮಾಡುತ್ತೇನೆ. ಬೋರ್ಡಿನ ಮೇಲೆ ನನ್ನ ಹೆಸರಿದೆ. ಆದರೆ ಅಂಗಡಿಯನ್ನು ನಿಲ್ಲಿಸಿದವಳು ನನ್ನ ಅಕ್ಕ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವಳನ್ನು ಗುಡೇಕೋಟೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಮನೆಗೆ ತಂದ ದಿನವೇ ಟ್ರಂಕು ಹಿಡಿದು ವಾಪಸು ಬಂದಳು. ಕೂಡ್ಲಿಗಿಯಲ್ಲಿ ಒಬ್ಬ ಟೇಲರ್ ಹತ್ತಿರ ಕಾಜಾ ಹಾಕುತ್ತ, ಗುಂಡಿ ಹಚ್ಚುತ್ತ ಹೊಲಿಗೆ ಕಲಿತಳು. ಒಂದು ಹಳೆಯ ಕಾಲ್ಮಷಿನ್ ಕೊಂಡು, ಅದನ್ನು ತುಳಿದು, ಅಪ್ಪ ಅವ್ವ ಇಲ್ಲದ ನನ್ನನ್ನು ಸಾಕಿದಳು. ಮಷಿನ್ ರಿಪೇರಿ ಕಲಿಯಲು ನನ್ನನ್ನು ಹಚ್ಚಿದವಳೂ ಅವಳೇ. ಅವಳಿಗೆ ಓದಲು ಬಾರದು. ಅಳತೆ ಬರೆದುಕೊಳ್ಳುವ ಬದಲು ಬಟ್ಟೆಯ ಅಂಚಿನಿಂದ ಒಂದು ಉದ್ದ ಪಟ್ಟಿ ಹರಿದು, ಎದೆಗೊಂದು ಕಡೆ, ಸೊಂಟಕ್ಕೊಂದು ಕಡೆ, ತೋಳಿಗೊಂದು ಕಡೆ ಕತ್ತರಿಯಿಂದ ಸಣ್ಣ ಕಚ್ಚು ಹಾಕುತ್ತಿದ್ದಳು. ಊರಿನ ನೂರಾರು ಹೆಂಗಸರ ಮೈಯಳತೆ ಅಂಥ ಪಟ್ಟಿಗಳಾಗಿ ಅವಳ ಬಿಸ್ಕೀಟು ಡಬ್ಬಿಯಲ್ಲಿ ಇತ್ತು. ಯಾವ ಪಟ್ಟಿ ಯಾರದು ಎಂದು ಅವಳು ಒಮ್ಮೆಯೂ ತಪ್ಪಿದ್ದಿಲ್ಲ.

ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದ ಮೇಲೆ ಅಕ್ಕ ಹಳ್ಳಿಗಳಿಗೆ ಹೊರಟಳು. ವಾರಕ್ಕೆರಡು ದಿನ ಚಿಗಟೇರಿ, ಒಂದು ದಿನ ತೆಲಿಗಿ, ಒಂದು ದಿನ ಗುಡೇಕೋಟೆ. ಗಂಡನನ್ನು ಬಿಟ್ಟು ಬಂದ ಊರಿಗೇ ಹೋಗಿ ಅಲ್ಲಿಯ ಹುಡುಗಿಯರಿಗೆ ಕಟಿಂಗ್ ಹೇಳಿಕೊಟ್ಟು ಬರುತ್ತಿದ್ದಳು. ಕಲಿತವರು ನೇರ ನಮ್ಮ ಅಂಗಡಿಗೇ ಬಂದು ಮಷಿನ್ ಒಯ್ಯುತ್ತಿದ್ದರು. ನಾನು ಗಲ್ಲೆಯ ಹಿಂದೆ ಕೂತು, ವ್ಯಾಪಾರ ನನ್ನಿಂದ ಬೆಳೆಯುತ್ತಿದೆ ಎಂದುಕೊಳ್ಳುತ್ತಿದ್ದೆ.

ಒಮ್ಮೆ ಹೊಸಪೇಟೆಯ ಹೋಟೆಲೊಂದರಲ್ಲಿ ಕಂಪನಿಯವರು ಡೀಲರುಗಳ ಸಭೆ ಕರೆದರು. ಅಕ್ಕನನ್ನೂ ಕರೆದುಕೊಂಡು ಹೋಗಿದ್ದೆ. ಅಧಿಕಾರಿಯೊಬ್ಬರು ಹೊಸ ಮಾದರಿಯ ಮಷಿನ್ ಇಟ್ಟು ಬಹಳ ಹೊತ್ತು ಹೊಗಳಿದರು. ಅಕ್ಕ ಎದ್ದು ಹೋಗಿ, ಚಕ್ರ ತಿರುಗಿಸಿ, ಅದರ ಸದ್ದಿಗೆ ಕಿವಿ ಕೊಟ್ಟು ನಿಂತಳು.

"ಸಾಹೇಬ್ರ, ಇದು ದಪ್ಪ ಬಟ್ಟಿಗೆ ದಾರ ಕಡೀತೈತ್ರಿ."

ಅಧಿಕಾರಿ ನಕ್ಕು, ಜೀನ್ಸ್ ಬಟ್ಟೆಯ ನಾಲ್ಕು ಪದರ ಇಟ್ಟು ಹೊಲಿಸಿದರು. ಒಂದು ಗೇಣು ಹೋಗುವುದರೊಳಗೆ ದಾರ ಕಡಿಯಿತು. ಅವರು ಅಕ್ಕನನ್ನು ನೋಡಿ, ನನ್ನನ್ನು ನೋಡಿ, "ಅಮ್ಮಾ, ಅಂಗಡಿ ಯಾರದು? ನಿಮ್ಮದೋ, ಇವರದೋ?" ಎಂದರು.

"ನಮ್ಮ ತಮ್ಮಂದ್ರಿ" ಎಂದಳು ಅಕ್ಕ.

ಹಿಂದಿನಿಂದ ಹಡಗಲಿ ಊರಿನ ಡೀಲರ್ ಒಬ್ಬ ಕೂಗಿದ: "ಬೋರ್ಡ್ ತಮ್ಮಂದು, ಅಂಗಡಿ ಅಕ್ಕಂದು ಬಿಡ್ರಿ!"

ಸಭೆಯೆಲ್ಲ ನಕ್ಕಿತು. ಅಕ್ಕನೂ ನಕ್ಕಳು. ನಾನೂ ನಕ್ಕಂತೆ ಮಾಡಿದೆ. ಆವತ್ತಿನಿಂದ ಡೀಲರುಗಳ ನಡುವೆ ನನಗೆ 'ಬೋರ್ಡ್ ಸಾಹೇಬ್ರು' ಎಂದು ಹೆಸರು ಬಿತ್ತು. ಫೋನ್ ಮಾಡಿದರೂ, "ಏನ್ ಬೋರ್ಡ್ ಸಾಹೇಬ್ರ, ಅಕ್ಕಾರು ಅದಾರೇನು?" ಎಂದೇ ಶುರು ಮಾಡುತ್ತಿದ್ದರು. ಅವರು ಹೇಳುತ್ತಿದ್ದುದು ನಿಜವೇ ಆಗಿತ್ತು. ನನ್ನನ್ನು ಕೊರೆದದ್ದೂ ಅದೇ.

ಮರುವರ್ಷ ಕಂಪನಿ ಹೇಳಿದಷ್ಟು ಮಷಿನ್ ಮಾರಿದೆವು. ಅದಕ್ಕೆ ಬಹುಮಾನವಾಗಿ ಹಡಗಿನ ಪ್ರವಾಸ ಬಂತು. ದಾವಣಗೆರೆಯಿಂದ ಕಂಪನಿಯ ಮನುಷ್ಯ ಎರಡು ಪುಸ್ತಕ ಹಿಡಿದು ಬಂದ. ದಪ್ಪ ಹಾಳೆಯ ಬಣ್ಣದ ಪುಸ್ತಕಗಳು. ಬೇರೆ ಬೇರೆ ಹಡಗು ಕಂಪನಿಗಳ ಎರಡು ಹಡಗು. ಅಕ್ಕ ಆವತ್ತು ಚಿಗಟೇರಿಯಲ್ಲಿದ್ದಳು.

"ನೋಡಿ ಅಣ್ಣಾರೆ, ಇದು ಫ್ಯಾಮಿಲಿ ಹಡಗು. ಒಂದ್ ರೂಮಿಗೆ ನಾಲ್ಕು ಜನ. ಕೆಳಗೆ ಎರಡು ಮಂಚ, ಮೇಲೆ ರೈಲಿನಂಗೆ ಎರಡು ಬರ್ತು. ಮಕ್ಕಳಿಗೆ ನೀರಿನ ಜಾರುಬಂಡಿ ಐತೆ, ವೆಜ್ ಅಡಿಗೆ ಬೇರೆ ಐತೆ. ಕಿಟಕಿ ಇರಲ್ಲ, ಗದ್ದಲ ಇರತ್ತೆ. ಇನ್ನೊಂದು ಬರೀ ಕಪಲ್ಸ್‌ಗೆ. ಮಕ್ಕಳನ್ನ ಹತ್ತಿಸ್ಕೊಳ್ಳಲ್ಲ. ಇಬ್ಬರಿಗೆ ಒಂದ್ ರೂಮು, ಬಾಲ್ಕನಿ, ಮೇಣದಬತ್ತಿ ಹಚ್ಚಿ ಊಟ. ಯಾವ್ದು ಬೇಕೋ ಸೋಮವಾರದೊಳಗೆ ಫೋನ್ ಮಾಡಿ."

ನಮ್ಮ ಮನೆಯಲ್ಲಿ ಇದ್ದವರು ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು, ಅಕ್ಕ. ಯಾವ ಹಡಗು ಎಂದು ಯೋಚಿಸುವಂಥದ್ದೇನೂ ಇರಲಿಲ್ಲ.

ಸಂಜೆ ಅಕ್ಕ ಬಂದವಳೇ ಪುಸ್ತಕಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಚಿತ್ರ ನೋಡುತ್ತ ಕೂತಳು. ಕಪಲ್ಸ್ ಹಡಗಿನ ಪುಸ್ತಕವನ್ನು ಎರಡು ಹಾಳೆ ತಿರುವಿ ಮುಚ್ಚಿದಳು. ಫ್ಯಾಮಿಲಿ ಹಡಗಿನದರಲ್ಲಿ ಈಜುಕೊಳದ ಪಕ್ಕ ಬೆಳ್ಳಿಕೂದಲ ಹೆಂಗಸೊಬ್ಬಳು ಸೀರೆಯುಟ್ಟು ಮೊಮ್ಮಕ್ಕಳ ಜೊತೆ ಕೂತ ಚಿತ್ರವಿತ್ತು.

"ಲೇ ತಮ್ಮಾ, ಇಲ್ನೋಡು. ಈಕಿ ನನಗಿಂತ ಮುದುಕಿ ಅದಾಳ. ಈಕಿನೂ ಹೋಗ್ಯಾಳಲ್ಲೋ!"

ಮಗಳು ಅವಳ ಹೆಗಲಿಗೆ ಜೋತುಬಿದ್ದು, "ಅತ್ತಿ, ಮ್ಯಾಲಿನ ಬರ್ತ್ ನಂದು" ಎಂದಳು.

"ಎರಡೂ ಮ್ಯಾಲಿನವು ನಮ್ಮವಽ. ಒಂದು ನಿಂದು, ಒಂದು ನಂದು."

"ನೀನು ಬಿದ್ದರ?"

"ಬಿದ್ದರ ನಿಮ್ಮಪ್ಪನ ಮ್ಯಾಲ ಬೀಳ್ತೀನಿ. ಅವ ಮೆತ್ತಗ ಅದಾನ."

ಹೆಂಡತಿ ಒಳಗಿನಿಂದ ನಕ್ಕಳು. ಮರುದಿನವೇ ಅಕ್ಕ ಹಸಿರು ಕಾಟನ್ ಬಟ್ಟೆ ತಂದಳು, ಸಣ್ಣ ಹಳದಿ ಹೂವಿನದು. ದೊಡ್ಡವಳಾದಾಗಿನಿಂದ ಸೀರೆ ಬಿಟ್ಟು ಬೇರೆ ಉಡದವಳು ತನಗೊಂದು ಚೂಡಿದಾರ ಹೊಲಿದುಕೊಂಡಳು. "ಸೀರಿ ಉಟ್ಕೊಂಡು ಬರ್ತ್ ಹತ್ತಾಕ ಬರಂಗಿಲ್ಲವ್ವಾ" ಎಂದಳು. ಹಾಕಿಕೊಂಡು ಹೊರಗೆ ಬಂದಾಗ ನಾಚಿಕೆಯಿಂದ ಎರಡೂ ಕೈ ಹೊಟ್ಟೆಯ ಮೇಲೆ ಕಟ್ಟಿಕೊಂಡಿದ್ದಳು. ಮಗಳು ಚಪ್ಪಾಳೆ ಹೊಡೆದಳು.

ನನ್ನ ತಲೆಯಲ್ಲಿ ಬೇರೆಯದೇ ನಡೆದಿತ್ತು. ಹಡಗಿನಲ್ಲಿ ಡೀಲರುಗಳಿರುತ್ತಾರೆ, ಅಧಿಕಾರಿಗಳಿರುತ್ತಾರೆ. ಎಲ್ಲರೂ ಅಕ್ಕನ ಸುತ್ತ ನೆರೆಯುತ್ತಾರೆ. ನಾನು ಅವಳ ಚೀಲ ಹಿಡಿದು ಹಿಂದೆ ನಿಲ್ಲುತ್ತೇನೆ. ಬೋರ್ಡ್ ಸಾಹೇಬ್ರು. ಅವಳನ್ನು ಬರಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಆದರೆ ಅವಳಿಗೆ ಜಾಗವೇ ಇಲ್ಲದ ಹಡಗು ಒಂದಿತ್ತು. ಅದನ್ನು ಆರಿಸಿದರೆ ನಾನು ಬಾಯಿ ಬಿಡುವ ಅಗತ್ಯವೇ ಇರಲಿಲ್ಲ.

ಸೋಮವಾರ ಫೋನ್ ಮಾಡಿ, "ಕಪಲ್ಸ್ ಹಡಗೇ ಇರಲಿ" ಎಂದೆ. ಮನೆಗೆ ಬಂದು ಮುಖ ಬಾಡಿಸಿಕೊಂಡು, "ಫ್ಯಾಮಿಲಿ ಹಡಗು ತುಂಬೈತಂತ. ಇಬ್ಬರ ಹಡಗಿನಾಗ ಅಷ್ಟಽ ಜಾಗ ಐತಂತ" ಎಂದೆ. ಹೆಂಡತಿಗೂ ಅದೇ ಸುಳ್ಳು, ಅಕ್ಕನಿಗೂ ಅದೇ ಸುಳ್ಳು. ಮಗಳು ಅತ್ತಳು. ಹೆಂಡತಿ, "ಹಂಗಾರ ಯಾರೂ ಹೋಗೋದು ಬ್ಯಾಡ" ಎಂದಳು. ಅವಳನ್ನು ಒಪ್ಪಿಸಿದವಳೂ ಅಕ್ಕನೇ.

"ಬಂದಿದ್ದನ್ನ ಯಾಕ ಬಿಡ್ತೀರಿ? ಹೋಗಿ ಬರ್ರಿ. ಪಾಪು ನನ್ನ ಹತ್ರ ಇರ್ಲಿ, ಅಂಗಡೀನೂ ನೋಡ್ಕೋತೀನಿ."

ಆಮೇಲೆ ಆ ಹಸಿರು ಚೂಡಿದಾರವನ್ನು ತೆಗೆದುಕೊಂಡು ಹೊಸ್ತಿಲ ಬೆಳಕಿಗೆ ಕೂತು, ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದಳು. ಡಬ್ಬಿಯಿಂದ ನನ್ನ ಹೆಂಡತಿಯ ಅಳತೆ ಪಟ್ಟಿ ಹುಡುಕಿ, ಅದಕ್ಕೆ ಸರಿಯಾಗಿ ಕತ್ತರಿಸಿ ಮತ್ತೆ ಹೊಲಿದಳು. ನಾನು ಎದುರಿಗೇ ಕೂತು ಟೀ ಕುಡಿಯುತ್ತಿದ್ದೆ.

ಹಡಗು ದೊಡ್ಡದಿತ್ತು. ಅಷ್ಟು ದೊಡ್ಡ ಕಟ್ಟಡ ನೀರಿನ ಮೇಲೆ ಹೋಗುವುದು ಮೊದಲ ದಿನ ಸೋಜಿಗವೆನಿಸಿತು. ಎರಡನೇ ದಿನಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. ಅಲ್ಲಿ ಎಲ್ಲವೂ ಇಬ್ಬರಿಗೆಂದು ಇಟ್ಟದ್ದು. ಇಬ್ಬರ ಮೇಜು, ಇಬ್ಬರ ಕುರ್ಚಿ, ಇಬ್ಬರು ಕುಣಿಯುವ ಪಾಠ. ನನಗೂ ಹೆಂಡತಿಗೂ ಮದುವೆಯಾಗಿ ಹನ್ನೆರಡು ವರ್ಷ. ಮನೆಯಲ್ಲಿ ನಾವು ಮಾತಾಡುವುದು ಮಗಳ ಬಗ್ಗೆ, ಅಕ್ಕನ ಬಗ್ಗೆ, ಅಂಗಡಿಯ ಬಗ್ಗೆ. ಅವರಿಬ್ಬರನ್ನೂ ಬಿಟ್ಟು ಬಂದು, ಮೇಣದಬತ್ತಿಯ ಆಚೆ ಈಚೆ ಕೂತು, ಮಾತಿಲ್ಲದೆ ಬ್ರೆಡ್ಡು ಮುರಿಯುತ್ತಿದ್ದೆವು.

ಆ ಮಧ್ಯಾಹ್ನವೂ ಹೆಂಡತಿ ಹಸಿರು ಚೂಡಿದಾರವನ್ನೇ ಹಾಕಿದ್ದಳು. ಹಡಗಲಿ ಡೀಲರನೂ ಅದೇ ಹಡಗಿನಲ್ಲಿದ್ದ, ಅವನ ಮಕ್ಕಳೆಲ್ಲ ದೊಡ್ಡವರಾಗಿದ್ದರು. ಅವನ ಹೆಂಡತಿಯ ಜೊತೆ ಅಡ್ಡಾಡಲು ಹೋದ ನನ್ನ ಹೆಂಡತಿ ಬೇಗ ತಿರುಗಿ ಬಂದು ಬಾಲ್ಕನಿಯ ಕುರ್ಚಿಯಲ್ಲಿ ಕೂತಳು.

"ಸಣ್ಣ ಮಗಳ್ನ ಬಿಟ್ಟು ಯಾಕ ಇದಕ್ಕ ಬಂದ್ರಿ, ಆ ಹಡಗಿನಾಗ ರೂಮು ಖಾಲಿ ಇದ್ದುವಲ್ಲ ಅಂತ ಕೇಳಿದ್ರು ಅವರು."

ನಾನು ನೀರಿನ ಕಡೆ ನೋಡಿದೆ.

ಅವಳು ತನ್ನ ಬಗಲಿನ ಹೊಲಿಗೆಯನ್ನು ಬೆರಳಲ್ಲಿ ಸವರಿ, ಬಟ್ಟೆಯನ್ನು ಬಿಸಿಲಿಗೆ ಹಿಡಿದಳು. "ಇಲ್ಲಿ ನೋಡ್ರಿ. ಅಕ್ಕಾರ ಹೊಲಿಗಿ ಬಿಚ್ಚಿದ ತೂತು ಇನ್ನೂ ಕಾಣ್ತಾವ. ಅವರ ಮೈಯಳತಿ ಇಲ್ಲೀತನಕ ಇತ್ತು." ಬಟ್ಟೆ ಬಿಟ್ಟು, "ಇದನ್ನ ಹಾಕ್ಕೊಂಡು ಎರಡು ದಿನದಿಂದ ಅಡ್ಡಾಡಾಕತ್ತೀನಲ್ರಿ ನಾನು" ಎಂದಳು. ಒಳಗೆ ಹೋಗಿ ಸೀರೆ ಉಟ್ಟಳು. ಊರು ಮುಟ್ಟುವವರೆಗೂ ಅಗತ್ಯವಿದ್ದಷ್ಟೇ ಮಾತಾಡಿದಳು. ಅಕ್ಕನಿಗೆ ಮಾತ್ರ ಏನೂ ಹೇಳಲಿಲ್ಲ. ನಾನೇ ಹೇಳಲಿ ಎಂದು ಕಾದಳು. ನಾನು ಹೇಳಲಿಲ್ಲ. ಸಮುದ್ರ ಹೇಗಿತ್ತು, ಊಟ ಹೇಗಿತ್ತು ಎಂದು ಅಕ್ಕನಿಗೆ ಉದ್ದುದ್ದ ವರ್ಣಿಸಿದೆ. ಅವಳು ಗದ್ದಕ್ಕೆ ಕೈ ಹಚ್ಚಿ ಕೇಳಿದಳು.

ಹದಿನೈದು ದಿನದ ಮೇಲೆ ಕಂಪನಿಯ ಮನುಷ್ಯ ಅಂಗಡಿಗೆ ಬಂದ. ಅಕ್ಕ ಮೂಲೆಯಲ್ಲಿ ಮಷಿನ್ ತುಳಿಯುತ್ತಿದ್ದಳು. ತೆಲಿಗಿಯ ಇಬ್ಬರು ಹುಡುಗಿಯರು ಕಲಿಯಲು ಕೂತಿದ್ದರು.

"ಹೆಂಗಿತ್ತು ಅಣ್ಣಾರೆ? ಮುಂದಿನ ಸಲ ಫ್ಯಾಮಿಲಿ ಹಡಗೇ ತಗೊಳ್ಳಿ. ಈ ಸಲ ಆರು ರೂಮು ಖಾಲಿನೇ ಹೋದ್ವು. ಅಕ್ಕಾರ್ನೂ ಕರ್ಕೊಂಡು ಹೋಗ್ಬೋದಿತ್ತು, ನಮ್ ಸಾಹೇಬ್ರು ಅವರ್ನೇ ಕೇಳ್ತಿದ್ರು."

ಅಕ್ಕ ತುಳಿಯುವುದನ್ನು ನಿಲ್ಲಿಸದೆ, ತಲೆಯೂ ಎತ್ತದೆ ಹೇಳಿದಳು: "ಅವ ಕರದಿದ್ದ್ರಿ. ನಾನಽ ಬ್ಯಾಡ ಅಂದೆ. ನನಗ ನೀರು ಕಂಡ್ರ ತಲಿ ತಿರುಗತೈತಿ."

ಹಡಗಲಿಯ ಹತ್ತಿರ ತುಂಬಿದ ಹೊಳೆಯನ್ನು ಹರಿಗೋಲಿನಲ್ಲಿ, ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು, ನಗುನಗುತ್ತ ದಾಟಿದವಳು ಅವಳು. ನಾನು ಹೆದರಿ ಅವಳ ಕುತ್ತಿಗೆ ಪರಚಿದ ಗುರುತು ಇನ್ನೂ ಇದೆ.

ಅವನು ಹೋದ ಮೇಲೆ ಹುಡುಗಿಯರನ್ನು ಟೀಗೆ ಕಳಿಸಿ, ಅಕ್ಕ ನನ್ನ ಕಡೆ ತಿರುಗಿದಳು.

"ನೀ ಸುಳ್ಳು ಹೇಳೀದಿ ಅಂತ ನನಗ ಆವತ್ತಽ ಗೊತ್ತಾತು. ನಿನ್ನ ಮಾರಿ ನನಗ ಗೊತ್ತಿಲ್ಲೇನು? ಅದನ್ನ ನುಂಗಿದ್ದೆ. ಇವತ್ತು ಮಂದಿ ಮುಂದ ನನ್ನ ಬಾಯಿಲೆ ಸುಳ್ಳು ಹೇಳಿಸಿದಿ ನೋಡು. ಅದು ನುಂಗಾಕ ಬರಂಗಿಲ್ಲ."

"ಅಕ್ಕಾ, ಅದು..."

"ಯಾಕ ಹಂಗ ಮಾಡಿದಿ ಅಂತ ನಾ ಕೇಳಂಗಿಲ್ಲ. ನೀ ಹೇಳೋದೂ ಬ್ಯಾಡ."

ಕೇಳಿದ್ದರೆ ಹೇಳುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನಿನ್ನನ್ನು ಕಂಡು ನನಗೆ ಹೊಟ್ಟೆಕಿಚ್ಚಾಗಿತ್ತು ಎಂದು ಹೇಳಬೇಕಿತ್ತು. ಸಾಕಿದವಳ ಮೇಲೆ ಹೊಟ್ಟೆಕಿಚ್ಚು ಪಟ್ಟವನು ಆ ಮಾತನ್ನು ಯಾವ ಬಾಯಲ್ಲಿ ಹೇಳುತ್ತಾನೆ?

ತಿಂಗಳೊಳಗೆ ಅಕ್ಕ ಹರಪನಹಳ್ಳಿಯಲ್ಲಿ ಒಂದು ರೂಮು ನೋಡಿದಳು. ಅವಳ ಹತ್ತಿರ ಕಲಿತವರು ಅಲ್ಲಿ ಬಹಳ ಜನ ಇದ್ದರು. ಜಗಳವಾಡಲಿಲ್ಲ, ಅಳಲಿಲ್ಲ. ಹೆಂಡತಿ ಕಾಲು ಹಿಡಿದರೂ, ಮಗಳು ಟ್ರಂಕಿನ ಮೇಲೆ ಕೂತುಬಿಟ್ಟರೂ, "ಹರಪನಹಳ್ಳಿ ಏನು ಮುಂಬೈ ಐತೇನು? ಬಸ್ ಫ್ರೀ ಐತಿ, ನೀವಽ ಬರ್ರಿ" ಎಂದಳು. ಬಿಸ್ಕೀಟು ಡಬ್ಬಿಯಿಂದ ನನ್ನ, ಹೆಂಡತಿಯ, ಮಗಳ ಅಳತೆ ಪಟ್ಟಿಗಳನ್ನು ತೆಗೆದು ಗಲ್ಲೆಯ ಮೇಲೆ ಇಟ್ಟು, ಉಳಿದದ್ದನ್ನು ಒಯ್ದಳು.

ಹಳೆಯ ಕಾಲ್ಮಷಿನ್ನನ್ನು ಬಸ್ ಸ್ಟ್ಯಾಂಡಿಗೆ ಒಯ್ದವನು ನಾನೇ. ಅವಳು ಬೇಡವೆನ್ನಲಿಲ್ಲ. ಹಿಂದಿನ ಬಾಗಿಲಿನಿಂದ ಮೊದಲು ಸ್ಟ್ಯಾಂಡು, ಆಮೇಲೆ ಮಷಿನ್ನು ಏರಿಸಿ, ಅವಳ ಸೀಟಿನ ಪಕ್ಕ ನಿಲ್ಲಿಸಿದೆ. ಕೆಳಗಿಳಿದು ಕಿಟಕಿಯ ಹತ್ತಿರ ನಿಂತೆ. ಈಗಲಾದರೂ ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಕಂಡಕ್ಟರ್ ಬಂದ.

"ಅಮ್ಮಾ, ನಿಮಗ ಫ್ರೀ ಐತಿ, ಮಷಿನ್ನಿಗೆ ಟಿಕೆಟ್ ಆಗತೈತಿ ನೋಡ್ರಿ. ಎಷ್ಟು ಮಂದಿ ಅದೀರಿ?"

ಅಕ್ಕ ಮಷಿನ್ನಿನ ಮೇಲೆ ಕೈ ಇಟ್ಟಳು.

"ಇಬ್ಬರು. ನಾನು, ಇದು. ಜೋಡಿ ಹೊಂಟೀವಪ್ಪಾ."

ಕಂಡಕ್ಟರ್ ನಕ್ಕು ಟಿಕೆಟ್ ಹರಿದ. ಅಕ್ಕನೂ ನಕ್ಕಳು. ನನ್ನ ಕಡೆ ಮಾತ್ರ ತಿರುಗಲಿಲ್ಲ. ಬಸ್ಸು ಹಿಂದಕ್ಕೆ ಬರುತ್ತಿತ್ತು, ನಾನು ಸರಿದು ನಿಂತೆ.