ಟೀಚರಮ್ಮನ ತಲೆಯ ಮೇಲೆ ಕೆಂಡ

“ಅಮ್ಮಾ, ಕೆಂಡಜ್ಜಿಗೆ ಟೀಚರಜ್ಜಿ ಕಂಡ್ರೆ ಆಗಲ್ಲ ಅಲ್ವಾ? ಮತ್ತೆ ದಿನಾ ಯಾಕೆ ಸೂಪು ಕುಡಿಸ್ತಾಳೆ?”

ತಲೆಗೆ ಸೋಪು ಹಚ್ಚಿಸಿಕೊಳ್ಳುತ್ತಾ, ಕಣ್ಣು ಮುಚ್ಚಿಕೊಂಡೇ ಪುಟ್ಟಿ ಕೇಳಿದ ಪ್ರಶ್ನೆ ಇದು. ಅವಳ ಅಮ್ಮ “ಕಣ್ಣು ಬಿಡಬೇಡ, ಉರಿಯುತ್ತೆ” ಎಂದು ಒಂದು ಚೊಂಬು ನೀರು ಸುರಿದು ಮಾತು ಮರೆಸಿದಳು. ಮಗು ಮರೆಯಿತು. ಅಮ್ಮನಿಗೆ ಮಾತ್ರ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಉಳಿಯಿತು.

ಕೆಂಡಜ್ಜಿ ಎಂದು ಹೆಸರಿಟ್ಟವಳೂ ಪುಟ್ಟಿಯೇ. ಆ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಬಟ್ಟೆ ಇಸ್ತ್ರಿ ಮಾಡುವ ಮುದುಕಿ ಅವಳು. ಎಲ್ಲರ ಮನೆಗೂ ಕರೆಂಟಿನ ಇಸ್ತ್ರಿಪೆಟ್ಟಿಗೆ ಬಂದಿದ್ದರೂ ಅವಳದ್ದು ಇದ್ದಿಲಿನದೇ. ಬೆಳಿಗ್ಗೆ ಇದ್ದಿಲು ಹೊತ್ತಿಸಿ, ಪೆಟ್ಟಿಗೆಯನ್ನು ಹಿಂದೆ ಮುಂದೆ ತೂಗಿ ಗಾಳಿ ಕೊಡುತ್ತಾಳೆ. ಬೆರಳು ಒದ್ದೆ ಮಾಡಿ ತಳಕ್ಕೆ ತಾಗಿಸಿ ‘ಚುಂಯ್’ ಎಂದರೆ ಕೆಲಸ ಶುರು.

“ಕರೆಂಟು ಹೋಗುತ್ತೆ, ಬರುತ್ತೆ. ಇದ್ದಿಲು ಹಾಗಲ್ಲ ಮಗಳೇ, ಬೂದಿ ಹೊದ್ಕೊಂಡು ಮಲಗಿದ್ರೂ ಒಳಗೆ ಎಚ್ಚರವಾಗೇ ಇರುತ್ತೆ” ಎನ್ನುತ್ತಿದ್ದಳು. ಇದ್ದಿಲಿನ ಮಾತನ್ನೇ ಆಡುತ್ತಿದ್ದಾಳೋ ತನ್ನ ಮಾತನ್ನೋ ಎಂದು ಕಟ್ಟಡದಲ್ಲಿ ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅವಳ ಗಂಡ ಬಣ್ಣ ಹಚ್ಚುವವನು. ಚರ್ಚಿನ ಗಂಟೆಗೋಪುರಕ್ಕೆ ಬಣ್ಣ ಹಚ್ಚುತ್ತಿದ್ದಾಗ ಏಣಿಯಿಂದ ಬಿದ್ದು ಸತ್ತ. ಪಕ್ಕದ ಶಾಲೆಯಲ್ಲಿ ಒಂದು ತರಗತಿಯ ಕಿಟಕಿ ಗೋಪುರಕ್ಕೆ ನೇರವಾಗಿತ್ತು. ಅಲ್ಲಿ ಪಾಠ ಮಾಡುತ್ತಿದ್ದ ಟೀಚರಮ್ಮನನ್ನು ಸಭೆಯ ಹಿರಿಯರು ಕರೆದು ಕೇಳಿದರು. “ನಾನೇ ನೋಡಿದೆ. ಎರಡೂ ಕೈ ತಾನಾಗಿಯೇ ಬಿಟ್ಟ” ಎಂದಳು ಟೀಚರಮ್ಮ. ಕೆಲವು ವಾರಗಳಿಂದ ಅವನು ಯಾರೊಂದಿಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಹಿರಿಯರಿಗೆ ಅಷ್ಟು ಸಾಕಾಯಿತು. ತಾನೇ ಪ್ರಾಣ ಕಳೆದುಕೊಂಡವನಿಗೆ ಚರ್ಚಿನೊಳಗೆ ಪ್ರಾರ್ಥನೆ ಇಲ್ಲ ಎಂದುಬಿಟ್ಟರು. ಅವನೇ ಬಣ್ಣ ಬಳಿದಿದ್ದ ಚರ್ಚಿನ ಸ್ಮಶಾನದ ಗೋಡೆಯ ಆಚೆಗೆ ಗುಂಡಿ ತೋಡಿಸಿದರು. ಸತ್ತವರಿಗೆಲ್ಲ ಹೊಡೆಯುವ ಗಂಟೆಯನ್ನೂ ಹೊಡೆಯಲಿಲ್ಲ.

ಬೇರೆಯವಳಾಗಿದ್ದರೆ ಆ ಚರ್ಚಿನ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಇವಳು ಒಂದು ಭಾನುವಾರವೂ ತಪ್ಪಿಸಲಿಲ್ಲ. ಟೀಚರಮ್ಮನ ಬೆನ್ನ ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದಳು. “ಪ್ರಾರ್ಥನೆಗೆ ತಲೆ ಬಗ್ಗಿಸಿದಾಗೆಲ್ಲ ಅವಳ ಕತ್ತಿಗೆ ನನ್ನ ಉಸಿರು ತಾಗಬೇಕು” ಎಂದು ಪುಟ್ಟಿಯ ಅಮ್ಮನ ಹತ್ತಿರ ಒಮ್ಮೆ ಹೇಳಿದ್ದಳು, ದಿಂಬಿನ ಚೀಲ ಮಡಿಸುತ್ತಾ.

ವರ್ಷಗಳು ಹೋದವು. ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬಳೇ ಇದ್ದ ಟೀಚರಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತಿಗೆ ಮಾತ್ರ ಏನೂ ಆಗಲಿಲ್ಲ. ತಂಗಿಯ ಮಗಳು ಸಂಜೆ ಕೆಲಸ ಮುಗಿಸಿ ಬರುವವರೆಗೆ ಹಾಸಿಗೆಯೇ ಗತಿ. ಆ ಭಾನುವಾರ ಚರ್ಚಿನಲ್ಲಿ ಓದಿದ ಭಾಗವೂ ಅಂಥದ್ದೇ ಆಗಬೇಕೆ: ಹಗೆಯವನು ಹಸಿದಿದ್ದರೆ ಉಣಿಸಬೇಕು, ಹಾಗೆ ಮಾಡಿದರೆ ಅವನ ತಲೆಯ ಮೇಲೆ ಕೆಂಡ ಸುರಿದಂತೆ. ಕೆಂಡಜ್ಜಿ ಬೆಂಚಿನ ಮೇಲೆ ನೆಟ್ಟಗೆ ಕೂತಳು. ಇಷ್ಟು ದಿನ ಈ ಮಾತು ಎಲ್ಲಿ ಅಡಗಿತ್ತು? ಮರುದಿನವೇ ತರಕಾರಿ ಸೂಪು ಮಾಡಿ, ಬಟ್ಟಲಿಗೆ ತಟ್ಟೆ ಮುಚ್ಚಿಕೊಂಡು ಮೆಟ್ಟಿಲು ಹತ್ತಿದಳು.

ಪುಟ್ಟಿಯ ಅಮ್ಮನೂ ಹಾಸಿಗೆ ಬಟ್ಟೆ ಬದಲಿಸಲು ಹೋಗತೊಡಗಿದಳು. ಮಧ್ಯಾಹ್ನದ ಆ ಕಾಳಗ ನೋಡುವಂತಿರುತ್ತಿತ್ತು.

“ಬಾಯಿ ತೆಗಿ.”

“ಉಪ್ಪಿಲ್ಲ.”

“ಉಪ್ಪಿದೆ. ನಿನ್ನ ನಾಲಗೆಗೇ ರುಚಿ ಇಲ್ಲ. ಸುಳ್ಳು ಅಗಿದೂ ಅಗಿದೂ ಸವೆದಿದೆ.”

“ಇಷ್ಟು ಬಿಸಿ ಯಾಕೆ ತಂದೆ? ಸುಡುತ್ತೆ.”

“ಸುಡಲಿ ಅಂತಾನೇ ತಂದೆ.”

ಹಾಗೆಂದರೂ ಪ್ರತಿ ಚಮಚವನ್ನೂ ಊದಿ ಊದಿ ಆರಿಸಿಯೇ ಬಾಯಿಗಿಡುತ್ತಿದ್ದಳು. ಪುಟ್ಟಿಯ ಅಮ್ಮನ ತುಟಿಯಂಚಿನ ನಗು ಕಂಡು ಕೆಂಡಜ್ಜಿಗೆ ರೇಗಿತು. “ನಗಬೇಡ ನೀನು. ಬಾಯಿ ಸುಟ್ರೆ ಮಾತಾಡೋದು ಹೇಗೆ? ಆ ಬಾಯಿ ನನಗೆ ಬೇಕು.”

ಬೇಕಾಗಿದ್ದುದು ಅದೊಂದೇ. ನನ್ನ ಗಂಡ ಕೈ ಬಿಡಲಿಲ್ಲ, ಕಾಲು ಜಾರಿದ. ಇದನ್ನು ಟೀಚರಮ್ಮನ ಬಾಯಿಂದಲೇ, ಚರ್ಚು ತುಂಬ ಜನರ ಮುಂದೆ ಹೇಳಿಸಬೇಕು. ಅಲ್ಲಿಯವರೆಗೆ ಅವಳು ಸಾಯಕೂಡದು. ಸೂಪು ಅದಕ್ಕೆ.

ಹೊಸದಾಗಿ ಬಂದಿದ್ದ ಪಾಸ್ಟರಿಗೆ ಇದೊಂದೂ ಗೊತ್ತಿಲ್ಲ. ಹುಡುಗು ಮುಖ, ಒಳ್ಳೆಯ ಮನಸ್ಸು. ಒಂದು ಭಾನುವಾರ ಯೇಸುವಿನ ಸುವಾರ್ತೆ ಸಾರುವುದರ ಮೇಲೆ ಉಪದೇಶ ಮಾಡಿದರು. “ಸುವಾರ್ತೆ ಸಾರೋಕೆ ಕಡಲು ದಾಟಬೇಕಾಗಿಲ್ಲ, ಮೆಟ್ಟಿಲು ಹತ್ತಿದರೂ ಸಾಕು. ನಮ್ಮ ಇಸ್ತ್ರಿ ತಾಯಿಯನ್ನ ನೋಡಿ. ದಿನವೂ ಬಟ್ಟಲಲ್ಲಿ ಪ್ರೀತಿ ಹೊತ್ತುಕೊಂಡು ಹೋಗ್ತಾರೆ.”

ಕೆಂಡಜ್ಜಿ ಎದ್ದು ನಿಂತಳು. “ಅಯ್ಯಾ, ಅದು ಪ್ರೀತಿ ಅಲ್ಲ, ಕೆಂಡ. ನೀವೇ ಓದಿದ್ದು.”

ಸಭೆ ಗೊಳ್ಳೆಂದಿತು. ಗೋಡೆಯ ಆಚೆ ಗುಂಡಿ ತೋಡಿಸಿದ ಹಿರಿಯರಲ್ಲಿ ಉಳಿದಿದ್ದ ಇಬ್ಬರು ಮಾತ್ರ ನಗಲಿಲ್ಲ.

ಮರುದಿನ ಪಾಸ್ಟರು ಒಂದು ಅಂಗಿಯನ್ನು ನೆಪಕ್ಕೆ ಹಿಡಿದು ಮೆಟ್ಟಿಲ ಕೆಳಗೆ ಬಂದರು. ಅವಳ ಕತೆ ಅಷ್ಟರಲ್ಲಿ ಅವರ ಕಿವಿಗೂ ಬಿದ್ದಿತ್ತು. “ಅಮ್ಮಾ, ಆ ಮಾತಿಗೆ ಬೇರೆ ಅರ್ಥವನ್ನೂ ಹೇಳ್ತಾರೆ. ಹಿಂದೆಲ್ಲ ಮನೆಯ ಒಲೆ ಆರಿಹೋದ್ರೆ ಪಕ್ಕದ ಮನೆಯಿಂದ ಕೆಂಡ ತಗೊಂಡು ತಲೆ ಮೇಲೆ ಹೊತ್ತು ತರ್ತಿದ್ರಂತೆ. ಅಂದ್ರೆ ಅದು ಸುಡೋದಕ್ಕಲ್ಲ, ಒಲೆ ಹೊತ್ತಿಸೋದಕ್ಕೆ ಕೊಡೋದು.”

ಕೆಂಡಜ್ಜಿ ಅಂಗಿಯ ಕಾಲರನ್ನು ತಿರುವಿ ಒತ್ತಿದಳು. “ಒಳ್ಳೇ ಅರ್ಥ. ಒಲೆ ಆರಿದವರಿಗೆ ಹೇಳಿ. ನನ್ನದು ಆರಿಲ್ಲ.” ಆಮೇಲೆ ಅಂಗಿ ಮಡಿಸಿ ಕೊಡುತ್ತಾ ಕೇಳಿದಳು: “ಜಾರಿ ಬಿದ್ದವನಿಗೆ ಗಂಟೆ ಹೊಡೀಬಹುದಲ್ವಾ ಅಯ್ಯಾ? ತಡವಾಗಿ ಆದ್ರೂ?”

ಪಾಸ್ಟರು ಅಂಗಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. “ಟೀಚರಮ್ಮ ಹೇಳಲಿ ಅಮ್ಮಾ. ಗಂಟೆಯ ಹಗ್ಗ ನಾನೇ ಎಳೀತೀನಿ.”

ಈ ಕೆಂಡದ ಮಾತೆಲ್ಲ ಕೇಳಿಸಿಕೊಂಡಿದ್ದ ಪುಟ್ಟಿ ಸುಮ್ಮನಿರುತ್ತಾಳೆಯೇ? ಮರುದಿನ ಅಮ್ಮನ ಜೊತೆ ಮೇಲೆ ಹೋದವಳು ಮಂಚ ಹತ್ತಿ ಟೀಚರಮ್ಮನ ನರೆತ ಕೂದಲೊಳಗೆ ಬೆರಳಾಡಿಸಿದಳು.

“ಏನು ಹುಡುಕ್ತಿದ್ದೀಯೇ? ಹೇನಾ?”

“ಅಲ್ಲ, ಕೆಂಡ. ಅಜ್ಜಿ ದಿನಾ ನಿಮ್ಮ ತಲೆ ಮೇಲೆ ಹಾಕ್ತಾರಂತೆ. ಎಲ್ಲೂ ಇಲ್ವಲ್ಲ? ತಣ್ಣಗಿದೆ.”

ಪುಟ್ಟಿಯ ಅಮ್ಮ ನಾಚಿ ಮಗಳ ಕೈ ಹಿಡಿದು ಕೆಳಗಿಳಿಸಿದಳು. ಕೆಂಡಜ್ಜಿ ಏನೂ ಆಗದವಳಂತೆ ಚಮಚ ಎತ್ತಿ ಊದಿದಳು. ಟೀಚರಮ್ಮ ಎಡಗೈಯಿಂದ ಅದನ್ನು ತಡೆದಳು.

“ನಾನು ನೋಡಲಿಲ್ಲ.”

ಚಮಚ ಗಾಳಿಯಲ್ಲೇ ನಿಂತಿತು.

“ಬೋರ್ಡ್ ಮೇಲೆ ಬರೀತಿದ್ದೆ. ಧೊಪ್ ಅಂತು. ತಿರುಗೋ ಅಷ್ಟರಲ್ಲಿ ಕೆಳಗೆ ಬಿದ್ದಿದ್ದ.”

“ಮತ್ತೆ ಯಾಕೆ ಹೇಳಿದೆ?”

“ನನ್ನ ಕ್ಲಾಸು, ನನ್ನ ಕಿಟಕಿ. ಹಿರಿಯರೆಲ್ಲ ಸಾಲಾಗಿ ಕೂತು ಕೇಳ್ತಿದ್ದಾರೆ. ಗೊತ್ತಿಲ್ಲ ಅನ್ನೋ ಮಾತು ನನ್ನ ಬಾಯಿಗೆ ಬರ್ತಾನೇ ಇರಲಿಲ್ಲ. ಹೇಳಿಬಿಟ್ಟೆ. ಒಂದು ಸಲ ಹೇಳಿದ ಮೇಲೆ ನಿಜವಾಗ್ಲೂ ನೋಡಿದ ಹಾಗೇ ಆಗೋಯ್ತು.”

ಕೆಂಡಜ್ಜಿ ಅಳುತ್ತಾಳೆ ಎಂದುಕೊಂಡಳು ಪುಟ್ಟಿಯ ಅಮ್ಮ. ಅಳಲಿಲ್ಲ. ಬಟ್ಟಲಿನ ತಳ ಕೆರೆದಳು. “ಇನ್ನೂ ಸ್ವಲ್ಪ ಇದೆ, ಮುಗಿಸು.” ಮುಗಿದ ಮೇಲೆ ಬಾಯಿ ಒರೆಸಿ ಹೇಳಿದಳು: “ನನಗೆ ಹೇಳಿ ಏನು ಬಂತು? ನನಗೆ ಗೊತ್ತಿದ್ದದ್ದೇ. ಅವನನ್ನ ಗೋಡೆ ಆಚೆ ಹೂಳೋದನ್ನ ನಿಂತು ನೋಡಿದ್ರಲ್ಲ, ಅವರ ಮುಂದೆ ಹೇಳು.”

“ಅರ್ಧ ಜನ ಸತ್ತಿದ್ದಾರೆ.”

“ಉಳಿದರ್ಧಕ್ಕೆ ಹೇಳು.”

“ಕೂತ್ರೆ ವಾಲ್ತೀನಿ. ಜನ ನೋಡ್ತಾರೆ ಕಣೇ.”

“ನೋಡಲಿ. ನನ್ನನ್ನೂ ನೋಡಿದ್ರು.”

ಟೀಚರಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಅತ್ತಲಿಂದಲೇ ದನಿ ಬಂತು. “ಬೀರುವಿನಲ್ಲಿ ಚರ್ಚಿಗೆ ಹಾಕೋ ನನ್ನ ಬಿಳಿ ಬಟ್ಟೆ ಇದೆ. ಮುದುರಿದೆ.”

“ಕೊಡು” ಎಂದಳು ಕೆಂಡಜ್ಜಿ.

ಶನಿವಾರ ಸಂಜೆ ಪುಟ್ಟಿಯ ಅಮ್ಮ ಕೆಳಗೆ ಬಂದಾಗ ಕೆಂಡಜ್ಜಿ ಬೇರೆಲ್ಲ ಬಟ್ಟೆ ಬದಿಗೆ ಸರಿಸಿ ಆ ಬಿಳಿ ಬಟ್ಟೆಯನ್ನು ಒತ್ತುತ್ತಿದ್ದಳು. ಕಿಡಿ ಹಾರದಂತೆ ಪೆಟ್ಟಿಗೆಯ ಬಾಯಿಯನ್ನು ತನ್ನ ಕಡೆಗೇ ತಿರುಗಿಸಿಕೊಂಡಿದ್ದಳು.

“ಎಷ್ಟು ಚೆನ್ನಾಗಿ ಮಾಡ್ತಿದ್ದೀರಿ ಅಜ್ಜಿ!”

“ಒಂದು ಮುದುರೂ ಇರಬಾರದು. ನಾಳೆ ಯಾರ ಕಣ್ಣೂ ಅವಳ ಬಟ್ಟೆ ಮೇಲೆ ನಿಲ್ಲಬಾರದು. ಬಾಯಿ ಮೇಲೇ ನಿಲ್ಲಬೇಕು.”

“ಹೇಳಿದ ಮೇಲೆ ಕ್ಷಮಿಸಿಬಿಡ್ತೀರಾ?”

“ಮೊದಲು ಗಂಟೆ ಹೊಡೀಲಿ. ಕ್ಷಮೆ ಏನು ಓಡಿಹೋಗುತ್ತಾ?”

“ಸೋಮವಾರದಿಂದ ಸೂಪು ನಾನು ಮಾಡ್ಲಾ ಹಾಗಾದ್ರೆ?”

“ನಿನ್ನ ಸೂಪಾ? ನೀರು ನೀರು.” ಕೆಂಡಜ್ಜಿ ತೋಳಿನ ಮಡಿಕೆಯನ್ನು ಬೆರಳಿಂದ ನೇವರಿಸಿ, ಪೆಟ್ಟಿಗೆ ಪಕ್ಕಕ್ಕಿಟ್ಟಳು. ಆಮೇಲೆ ದನಿ ತಗ್ಗಿಸಿದಳು. “ಒಂದು ಉಪಕಾರ ಮಾಡ್ತೀಯಾ ಮಗಳೇ? ಬೆಳಿಗ್ಗೆ ಅವಳನ್ನ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಬೇಕು. ಪಾಸ್ಟರು ಒಂದು ಕಡೆ ಹಿಡೀತಾರೆ, ನಾನೊಂದು ಕಡೆ. ನೀನು ನನ್ನ ಪಕ್ಕದಲ್ಲಿದ್ದು ನನ್ನ ಕಡೆಗೂ ಒಂದು ಕೈ ಹಾಕು.”

“ಭಾರ ಆಗುತ್ತೆ ಅಂತಾನಾ?”

“ಭಾರ ಏನಿಲ್ಲ ಅವಳಲ್ಲಿ, ಮೂಳೆ ಚಕ್ಕಳ. ಆ ಮೆಟ್ಟಿಲ ತಿರುವಿನಲ್ಲಿ ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ. ನೀನು ಗಟ್ಟಿಯಾಗಿ ಹಿಡ್ಕೋ.”