ಮ್ಯಾಲಕಿ ಹಿಡಿದ ಚೆಂಡು

ಕೈಯನ್ನು ಮನುಷ್ಯ ಎತ್ತುತ್ತಾನೋ, ಕೈ ತಾನಾಗಿ ಎದ್ದ ಮೇಲೆ ತಾನೇ ಎತ್ತಿದೆನೆಂದು ಭಾವಿಸುತ್ತಾನೋ? ನರಮಂಡಲದ ಕುರಿತು ನಾನು ಓದಿದ ಪುಸ್ತಕಗಳು ಈ ವಿಷಯದಲ್ಲಿ ಒಂದನ್ನೊಂದು ಒಪ್ಪುವುದಿಲ್ಲ. ನೆರೆಮನೆಯ ಮ್ಯಾಲಕಿ ಫೀನಿಯ ಕೈಗಳ ಬಗ್ಗೆಯಂತೂ ನನಗೆ ಉತ್ತರ ಹೊಳೆಯಲೇ ಇಲ್ಲ. ನಮ್ಮ ಸ್ಲೈಗೊ ಪಟ್ಟಣಕ್ಕೆ ಮಾತ್ರ ಹೊಳೆದಿತ್ತು: ಅಭ್ಯಾಸಬಲ.

ಮ್ಯಾಲಕಿ ಬೆಟ್ಟದಡಿಯ ಕಿಲ್‌ಬ್ರಾನ್ ಊರಿನವನು. ಅಲ್ಲಿ ಐರಿಷರದೇ ಆದ ಗೇಲಿಕ್ ಫುಟ್‌ಬಾಲ್ ಬಿಟ್ಟರೆ ಬೇರೆ ಆಟವಿಲ್ಲ. ಅದರಲ್ಲಿ ಚೆಂಡನ್ನು ಒದೆಯಬಹುದು, ಗುದ್ದಬಹುದು. ನೆಗೆದು ಎರಡೂ ಕೈಗಳಲ್ಲಿ ಹಿಡಿದವನಿಗೆ ಹೆಚ್ಚಿನ ಮರ್ಯಾದೆ. ಇಂಗ್ಲಿಷರ ಆಟವಾದ ಸಾಕರ್ ಆಡಿದವನಷ್ಟೇ ಅಲ್ಲ, ನೋಡಿದವನೂ ಗೇಲಿಕ್ ಆಟದ ಸಂಘದಿಂದ ಹೊರಗೆ ಎಂಬ ನಿಯಮ ಆಗ ಇತ್ತು. ಯಾರು ನೋಡುತ್ತಾರೆಂದು ನೋಡಲು ಸಂಘವೇ ಜನರನ್ನು ನೇಮಿಸುತ್ತಿತ್ತು. ಅವರು ನೋಡಿದ್ದು ಲೆಕ್ಕಕ್ಕಿಲ್ಲ.

೧೯೬೧ರಲ್ಲಿ ಮ್ಯಾಲಕಿ ಸುಳ್ಳು ಹೆಸರಿನಲ್ಲಿ ಪಟ್ಟಣದ ಸಾಕರ್ ತಂಡಕ್ಕೆ ಆಡಿ ಸಿಕ್ಕಿಬಿದ್ದ. ಕಿಲ್‌ಬ್ರಾನ್ ಅವನನ್ನು ಹೊರಹಾಕಿ, ಅವನ ಹೆಸರೆತ್ತುವುದನ್ನೂ ನಿಲ್ಲಿಸಿತು. ಅವನು ಪಟ್ಟಣದಲ್ಲೇ ನೆಲೆಸಿ, ಬ್ರೆಡ್ ಗಾಡಿ ಓಡಿಸುತ್ತ, ಗೋಲ್‌ಕೀಪರನ ಜಾಗವೊಂದನ್ನು ಬಿಟ್ಟು ತಂಡದ ಎಲ್ಲ ಜಾಗಗಳಲ್ಲೂ ಆಡಿದ.

ಎರಡು ವರ್ಷಗಳ ಬಳಿಕ ಕಪ್ಪಿನ ಅಂತಿಮ ಪಂದ್ಯಕ್ಕೆ ಇಂಗ್ಲೆಂಡಿನ ಕ್ಲಬ್ಬೊಂದರ ಪ್ರತಿನಿಧಿ ಬಂದ. ಆಟ ಮೆಚ್ಚುಗೆಯಾದರೆ ಮ್ಯಾಲಕಿಯನ್ನು ಕರೆದೊಯ್ಯುವುದಾಗಿ ತಂಡದ ನಾಯಕನಾದ ಮಾಂಸದಂಗಡಿಯ ನೋಯೆಲ್ ಗಿಲ್‌ಮಾರ್ಟಿನ್‌ಗೆ ತಿಳಿಸಿದ್ದ. ಪಟ್ಟಣ ಆಗಲೇ ಅವನನ್ನು ಹಡಗು ಹತ್ತಿಸಿಯಾಗಿತ್ತು. ಅವನು ಮದುವೆಯಾಗಬೇಕಿದ್ದ ಬೇಕರಿಯ ಅಟ್ರಾಕ್ಟಾ, ತಾನು ಸಮುದ್ರ ದಾಟುವವಳಲ್ಲ ಎಂದು ಒಮ್ಮೆಯಷ್ಟೇ ಹೇಳಿದಳು. ಹೋಗಲು ಇಷ್ಟವಿದೆಯೇ ಎಂದು ಮ್ಯಾಲಕಿಯನ್ನು ಯಾರೂ ಕೇಳಲಿಲ್ಲ.

ಪಂದ್ಯ ಸಮಸಮ. ಕೊನೆಯ ನಿಮಿಷದಲ್ಲಿ ಚೆಂಡು ಎತ್ತರದಿಂದ ನಮ್ಮ ಗೋಲಿನೆದುರು ಇಳಿಯಿತು. ಮ್ಯಾಲಕಿ ನೆಗೆದು ಎರಡೂ ಕೈಗಳಲ್ಲಿ ಅದನ್ನು ಹಿಡಿದು, ಎದೆಗವಚಿಕೊಂಡು ಇಳಿದ. ಸಾಕರ್‌ನಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಪೆನಾಲ್ಟಿ, ಗೋಲು, ಸೋಲು. ಪ್ರತಿನಿಧಿ ಚಹಾ ಮುಗಿಸದೆ ರೈಲು ಹತ್ತಿದ.

“ಆ ಎರಡೂ ಕೈ ಕಡಿದು ಅಂಗಡೀಲಿ ನೇತುಹಾಕ್ತೀನಿ ಕಣೋ,” ಎಂದ ನೋಯೆಲ್.

“ಹಾಕು. ತೂಕ ಮಾತ್ರ ಸರಿಯಾಗಿ ಹಾಕು,” ಎಂದ ಮ್ಯಾಲಕಿ.

ಆ ಶರತ್ಕಾಲದಲ್ಲಿ ಅವನಿಗೂ ಅಟ್ರಾಕ್ಟಾಗೂ ಮದುವೆಯಾಯಿತು. ಆಮೇಲೆ ಆಯುಷ್ಯವಿಡೀ ಬ್ರೆಡ್ ಹಂಚಿದ. ಅವನ ಮುಪ್ಪಿನಲ್ಲಿ ಒಮ್ಮೆ, ಆ ಚೆಂಡನ್ನು ಏಕೆ ಹಿಡಿದೆ ಎಂದು ನಾನೇ ಕೇಳಿದ್ದೆ. “ಎತ್ತರದ ಚೆಂಡು ಕಂಡ್ರೆ ಗೇಲಿಕ್ ಆಡ್ದೋನ ಕೈ ಸುಮ್ನಿರುತ್ತಾ ಮಾರಾಯ,” ಎಂದು ಬಾಗಿಲು ಹಾಕಿಕೊಂಡ. ಬೆಕ್ಕು ಹಾರುವಾಗ ಯೋಚಿಸುವುದಿಲ್ಲ ಎಂದು ನಾನೂ ಬಹುಮಟ್ಟಿಗೆ ಒಪ್ಪಿಕೊಂಡೆ.

ಕಳೆದ ಚಳಿಗಾಲ ಅವನು ತೀರಿಕೊಂಡ. ನಡುಮನೆಯಲ್ಲಿ ಶವ, ಅಡುಗೆಮನೆಯಲ್ಲಿ ಚಹಾ. ಕಿಲ್‌ಬ್ರಾನ್‌ನಿಂದ ಒಬ್ಬನೇ ಬಂದಿದ್ದ: ಅಲ್ಲಿಯ ಹಳೆಯ ಗೋಲ್‌ಕೀಪರ್ ಬಾರ್ಟ್ಲಿ ಡರ್ಕನ್. ನಿಯಮ ರದ್ದಾಗಿ ಎಷ್ಟೋ ಕಾಲವಾಗಿದ್ದರೂ ಆ ಮನೆಯ ಹೊಸ್ತಿಲನ್ನು ಅವನು ಅಂದೇ ಮೊದಲು ತುಳಿದದ್ದು. ನೋಯೆಲ್ ಎಂದಿನಂತೆ ಆ ಪಂದ್ಯದ ಕಥೆ ತೆಗೆದು, ತಪ್ಪು ಮ್ಯಾಲಕಿಯದಲ್ಲ, ಕಿಲ್‌ಬ್ರಾನಿನವರು ಮಾಡಿಸಿದ ಅಭ್ಯಾಸದ್ದು ಎಂದು ಮುಗಿಸಿದ.

ಬಾರ್ಟ್ಲಿ ಬಟ್ಟಲು ಕೆಳಗಿಟ್ಟ.

“ಹಿಡಿದ್ನಾ? ಮ್ಯಾಲಕಿನಾ? ಅವನ ಹಿಂದೆ ಗೋಲಲ್ಲಿ ನಿಂತೋನು ನಾನು ಕಣಯ್ಯಾ. ನಮ್ಮಲ್ಲಿದ್ದಷ್ಟು ದಿನ ಅವನು ಒಂದು ಚೆಂಡನ್ನೂ ಹಿಡಿದೋನಲ್ಲ. ಹಿಡ್ಕೊಳ್ಳೋ ಅಂತ ಬೈದು ಬೈದು ನನ್ನ ಗಂಟಲು ಹೋಯ್ತು. ಬಂದಿದ್ದನ್ನೆಲ್ಲ ಮುಷ್ಟೀಲಿ ಗುದ್ದಿ ಆಚೆ ಕಳಿಸ್ತಿದ್ದ.”