ಸಾಬಮ್ಮನ ಏಟು

ಶಹಾಪುರದ ಗುಡ್ಡದಲ್ಲಿ ನಲವತ್ತು ವರ್ಷ ಆಡು ಕಾಯ್ದ ಸಾಬಮ್ಮನ ಕೈ ಮಾತಿಗಿಂತ ಮುಂದೆ. ಅವಳಿಂದ ಏಟು ತಿನ್ನದವರು ಊರಲ್ಲಿ ಕಡಿಮೆ. ತಿಂದವರಲ್ಲಿ ಗಂಡನೇ ಹಿರಿಯ.

ಕಾಲುವೆ ತೋಡುತ್ತಿದ್ದ ವರ್ಷ, ಅದಕ್ಕೆ ಕಲ್ಲು ಆರಿಸಲು ಓವರ್‌ಸಿಯರ್ ವಾಮನರಾಯರು ಗುಡ್ಡ ಹತ್ತಿದರು. ಬಂಡೆಗೆ ಸುತ್ತಿಗೆಯಿಂದ ಕುಟ್ಟಿ, "ಇದರ ವಯಸ್ಸು ಗೊತ್ತೇನಮ್ಮ? ಇನ್ನೂರೈವತ್ತು ಕೋಟಿ ವರ್ಷ!" ಎಂದು, ತಾವೇ ಹೆತ್ತವರಂತೆ ಬೀಗಿದರು.

"ಇರ್ಲಿ ಬಿಡ್ರಿ ಸಾಹೇಬ್ರ. ಹತ್ತೂಮುಂದ ಸೀತಾಫಲದ ಗಿಡ ಹಿಡೀರಿ. ಆ ಕಳ್ಳಿ ಮುಟ್ಟಬ್ಯಾಡ್ರಿ, ಹಾಲು ಬಿದ್ರ ಕಣ್ಣು ಹೋಗ್ತಾವ."

"ಗಿಡದ ಪಾಠ ನನಗೇ?" ಎನ್ನುತ್ತಲೇ ಅವರ ಬೂಟು ಜಾರಿತು. ಕೈಗೆ ಸಿಕ್ಕಿದ್ದು ಕಳ್ಳಿಯೇ. ಅದು ಮುರಿದು ಬಿಳಿ ಹಾಲು ಎರಡೂ ಕಣ್ಣಿಗೆ ಚಿಮ್ಮಿತು. ಉರಿ ತಾಳದೆ ಉಜ್ಜಲು ಕೈ ಎತ್ತಿದ್ದೇ ತಡ, ಸಾಬಮ್ಮನ ಕೋಲು ಒಂದು ಮೊಣಕೈಗೆ ಬಿತ್ತು, ಮರುಗಳಿಗೆ ಇನ್ನೊಂದಕ್ಕೆ.

"ತಿಕ್ಕಬ್ಯಾಡ್ರಿ!"

ಕೂದಲು ಹಿಡಿದು ದರದರ ಎಳೆದು, ಬಂಡೆಯ ಕುಳಿಯಲ್ಲಿ ನಿಂತಿದ್ದ ಮಳೆನೀರಿಗೆ ತಲೆ ಅದ್ದಿದಳು.

"ಕೊಂದಳಪ್ಪೋ!"

"ನೀರಾಗ ಕಣ್ಣು ತೆರೀರಿ ಸಾಹೇಬ್ರ!" ಬೆನ್ನಿಗೊಂದು ಗುದ್ದು. "ತೆರೀರಿ ಅಂದ್ರ ತೆರೀರಿ!" ಮತ್ತೊಂದು. ಬಂಡೆಗೆ ಬಡಿದು ರಾಯರ ಹಲ್ಲು ಮುರಿಯಿತೇ ಹೊರತು, ಅವಳು 'ಸಾಹೇಬ್ರ' ಎನ್ನುವ ಮರ್ಯಾದೆಗೆ ಕುಂದು ಬರಲಿಲ್ಲ.

ಮರುದಿನ ರಾಯರು ಊದಿದ ಮುಖ ಹೊತ್ತು ಠಾಣೆಗೆ ದೂರು ಕೊಡಲು ಹೋದರು. ಠಾಣೆಯವರು ಸಾಬಮ್ಮನನ್ನೂ ಕರೆಸಿದರು. ನಡೆದದ್ದನ್ನೆಲ್ಲ ಕೇಳಿದ ಜಮಾದಾರ, ದೂರದ ಬಾಗಿಲಲ್ಲಿ ನಿಂತವಳನ್ನು ತೋರಿಸಿದ. "ಹೊಡದಾಕಿ ಈಕೀನ ಏನ್ರಿ? ಛಲೋತ್ನಾಗ ನೋಡಿ ಹೇಳ್ರಿ."

"ಇವಳೇ! ಮೂಗಿನ ನತ್ತು ಕೂಡ ಇಲ್ಲಿಂದಲೇ ಕಾಣುತ್ತಿದೆ!"

"ಹಂಗಾದ್ರ ಮನಿಗಿ ಹೋಗ್ರಿ ಸಾಹೇಬ್ರ," ಎಂದು ಜಮಾದಾರ ಪುಸ್ತಕ ಮುಚ್ಚಿದ.